ಕುರುಕ್ಷೇತ್ರದಲ್ಲಿ ಕಾಣದ ಹನ್ನೊಂದನೆಯ ಪರ್ವ

ಶಾಂತಿಗ್ರಾಮದ ಸಮೀಪದ ಹಳ್ಳಿಯೊಂದರಲ್ಲಿ ಕಳೆದ ಬೇಸಿಗೆ ರಾತ್ರಿಯಿಡೀ ನಡೆದ ‘ಕುರುಕ್ಷೇತ್ರ’ ನಾಟಕ ನೋಡಿದೆ. ಹಾಸನ, ಮಂಡ್ಯ, ತುಮಕೂರು ಸೀಮೆಯವರಿಗೆ ಈ ನಾಟಕದ ಪರಿಚಯ ಹೇಳಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ; ದುರ್ಯೋಧನ, ಕೃಷ್ಣ, ಭೀಮರ ಪಾತ್ರಗಳನ್ನು ಊರಿನ ಗಂಡಸರು ಹಣ ಕೊಟ್ಟು ಪಡೆಯುತ್ತಾರೆ; ದ್ರೌಪದಿ, ಕುಂತಿ, ಉತ್ತರೆಯರಾಗಿ ಸಂಭಾವನೆ ಪಡೆಯುವ ಕಲಾವಿದೆಯರು ಹೊರಗಿನಿಂದ ಬರುತ್ತಾರೆ. ಹಳೆಯ ಅಭ್ಯಾಸಬಲದಿಂದ ಸಂಘಟಕರ ಲೆಕ್ಕದ ಪಟ್ಟಿ ಕೇಳಿ ನೋಡಿದೆ. ಗಂಡು ಪಾತ್ರಗಳು ಜಮೆಯ ಕಡೆ, ಹೆಣ್ಣು ಪಾತ್ರಗಳು ಖರ್ಚಿನ ಕಡೆ! ಯುದ್ಧವನ್ನು ಕುರಿತ ನಮ್ಮ ತಿಳಿವಳಿಕೆಯೇ ಆ ಎರಡು ಕಾಲಂಗಳಲ್ಲಿ ಅಡಗಿದಂತೆ ಕಂಡಿತು.

ಬೆಳಗಿನ ಜಾವಕ್ಕೆ ದುರ್ಯೋಧನ ಬಿದ್ದ. ಮಂಗಳ ಹಾಡಿದರು, ಜನ ಎದ್ದರು. ಆದರೆ ವ್ಯಾಸಭಾರತ ಅಲ್ಲಿಗೆ ನಿಲ್ಲುವುದಿಲ್ಲ. ಹನ್ನೊಂದನೆಯದಾದ ಸ್ತ್ರೀಪರ್ವದಲ್ಲಿ ಗಾಂಧಾರಿ ಮತ್ತು ಸೊಸೆಯರು ರಣಭೂಮಿಗೆ ಬಂದು ಹೆಣಗಳ ನಡುವೆ ತಮ್ಮವರನ್ನು ಹುಡುಕುತ್ತಾರೆ. ತಡೆಯುವ ಶಕ್ತಿಯಿದ್ದೂ ಏಕೆ ತಡೆಯಲಿಲ್ಲವೆಂದು ಗಾಂಧಾರಿ ಕೃಷ್ಣನನ್ನೇ ಪ್ರಶ್ನಿಸುತ್ತಾಳೆ. ಯುದ್ಧ ಹೂಡಿದವರಿಗೆ ಹಾಕಬಹುದಾದ ಇದಕ್ಕಿಂತ ದೊಡ್ಡ ರಾಜಕೀಯ ಪ್ರಶ್ನೆ ಯಾವುದಿದೆ?

ಈ ಮೌನ ರಂಗಭೂಮಿಯದು ಮಾತ್ರವಲ್ಲ. ಊರು ಸುಲಿಗೆಯಾದಾಗ ಹೆಂಗಸರಿಡುವ ಮೊರೆಗೆ ನಮ್ಮ ಶಾಸನಗಳಲ್ಲಿ ‘ಪೆಣ್ಬುಯ್ಯಲ್’ ಎಂಬ ಹೆಸರೇ ಇದೆ. ಆ ಮೊರೆ ಕೇಳಿ ಹೋರಾಡಿ ಮಡಿದವನಿಗೆ ವೀರಗಲ್ಲು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಅವನನ್ನು ಒಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ. ಮೊರೆಯಿಟ್ಟವಳು ಏನಾದಳೆಂದು ಕಲ್ಲು ಹೇಳುವುದಿಲ್ಲ. ಸಹಗಮನ ಮಾಡಿದವಳ ಮಾಸ್ತಿಕಲ್ಲಿನಲ್ಲಿಯೂ ಎದ್ದು ಕಾಣುವುದು ಬಳೆ ತೊಟ್ಟ ಒಂದು ತೋಳು ಮಾತ್ರ. ತೋಳಿಗೆ ಬಾಯಿಲ್ಲ.

ಆ ಬಾಯನ್ನು ಕೊಡಬಲ್ಲದ್ದು ನಾಟಕ. ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ (1931) ನಾಟಕಕ್ಕೆ ಯುದ್ಧಾನಂತರದ ರಣರಂಗವನ್ನೇ ವಸ್ತುವಾಗಿಸಿಕೊಂಡರು. ಬಿ.ಎಂ.ಶ್ರೀ. ಅವರು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕದಲ್ಲಿ, ಸೋತ ಶತ್ರುವಿನ ಅರಮನೆಯ ರಾಜಮಾತೆಯ ಸಂಕಟವನ್ನು ಗೆದ್ದ ಗ್ರೀಕರೇ ಕುಳಿತು ನೋಡಿದ್ದರು. ಕ್ರಿ.ಪೂ. 416ರಲ್ಲಿ ಅಥೆನ್ಸ್ ಮೀಲಾಸ್ ದ್ವೀಪವನ್ನು ಮುತ್ತಿತು. ಕೊನೆಗೆ ಅಲ್ಲಿನ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಯೂರಿಪಿಡೀಸನು ಟ್ರಾಯ್ ನಗರದ ಸೆರೆಯಾಳು ಹೆಂಗಸರ ನಾಟಕವನ್ನು ಅದೇ ಅಥೆನ್ಸಿನಲ್ಲಿ ಪ್ರದರ್ಶಿಸಿದ್ದು ಕ್ರಿ.ಪೂ. 415ರಲ್ಲಿ.

ಇದು ಪುರಾತನ ಕಾಲದ ಮಾತಷ್ಟೇ ಅಲ್ಲ. ಮಣಿಪುರದ ಹೈಸ್ನಾಂ ಕನ್ಹೈಲಾಲ್ 2000ದಲ್ಲಿ ಮಹಾಶ್ವೇತಾದೇವಿಯವರ ‘ದ್ರೌಪದಿ’ ಕಥೆಯನ್ನು ರಂಗಕ್ಕೆ ತಂದರು. ಅತ್ಯಾಚಾರಕ್ಕೆ ಒಳಗಾದವಳು ಬೆತ್ತಲೆಯಾಗಿಯೇ ಸೇನಾಧಿಕಾರಿಯನ್ನು ಎದುರಿಸುವ ದೃಶ್ಯವನ್ನು ಸಾಬಿತ್ರಿ ಹೈಸ್ನಾಂ ಅಭಿನಯಿಸಿದಾಗ ಹಲವರು ಅಸಭ್ಯವೆಂದು ಟೀಕಿಸಿದರು. 2004ರ ಜುಲೈನಲ್ಲಿ, ಅರೆಸೇನಾಪಡೆ ಬಂಧಿಸಿ ಒಯ್ದ ಯುವತಿಯೊಬ್ಬಳು ಹೆಣವಾಗಿ ಸಿಕ್ಕಾಗ, ಇಂಫಾಲದ ಕಾಂಗ್ಲಾ ಕೋಟೆಯೆದುರು 12 ಮಹಿಳೆಯರು ಬೆತ್ತಲಾಗಿ ಪ್ರತಿಭಟಿಸಿದರು. ನಾಟಕ ಅಸಭ್ಯವೋ, ಅದು ತೋರಿದ ಲೋಕ ಅಸಭ್ಯವೋ ಎಂಬುದಕ್ಕೆ ಬೀದಿಯೇ ಉತ್ತರ ಕೊಟ್ಟಿತು.

ಭಕ್ತಿಯಿಂದ ಆಡುವ ನಾಟಕಕ್ಕೆ ರಾಜಕೀಯ ಬೆರೆಸಬಾರದೆಂದು ಕೆಲವರು ಆಕ್ಷೇಪಿಸಬಹುದು. ಐದು ಊರು ಕೊಡಲೊಲ್ಲದೆ ಹೂಡಿದ ಯುದ್ಧದ ಕಥೆಯಲ್ಲಿ ರಾಜಕೀಯವನ್ನು ಹೊಸದಾಗಿ ಬೆರೆಸುವ ಅಗತ್ಯವಾದರೂ ಎಲ್ಲಿದೆ?

ನನ್ನ ಸಲಹೆ ಚಿಕ್ಕದು. ದುರ್ಯೋಧನ ಬಿದ್ದ ಮೇಲೆ, ಮಂಗಳಕ್ಕೆ ಮುಂಚೆ, ಗಾಂಧಾರಿಗೆ ಹತ್ತು ನಿಮಿಷ ಕೊಡಿ. ಆ ಪಾತ್ರವನ್ನು ಊರಿನ ಹೆಣ್ಣುಮಗಳೊಬ್ಬಳು ವಹಿಸಲಿ. ಅವಳಿಂದ ಹಣ ಕೇಳಬೇಡಿ. ಶಾಂತಿಗ್ರಾಮಕ್ಕೆ ಆ ಹೆಸರು ಬಂದದ್ದು ಹೊಯ್ಸಳರ ಶಾಂತಲೆಯಿಂದ ಎನ್ನುತ್ತಾರೆ. ಹೆಣ್ಣಿನ ಹೆಸರನ್ನು ಊರಿಗೇ ಇಟ್ಟುಕೊಂಡವರಿಗೆ ಅವಳ ಮಾತಿಗೆ ಹತ್ತು ನಿಮಿಷ ಕೊಡುವುದು ಹೊರೆಯಾಗಲಾರದು.