ಯಾವ ಯಂತ್ರಕ್ಕೆ ಯಾವ ಎಣ್ಣೆ?

ಅಸೂಟಿಯ ತಾಯಂದಿರೇ, ಅಕ್ಕ-ತಂಗಿಯರೇ,

ನಮ್ಮದು ಯರಿ ಭೂಮಿ. ಮೊದಲು ಈ ಹೊಲಗಳನ್ನು ಎತ್ತುಗಳೇ ಉಳುತ್ತಿದ್ದವು. ಈಗ ಹೆಚ್ಚಾಗಿ ಟ್ರ್ಯಾಕ್ಟರ್ ಉಳುತ್ತದೆ. ಟ್ರ್ಯಾಕ್ಟರ್ ಬಹಳ ಮನೆಗಳಿಗೆ ಸಾಲದ ಮೇಲೆ ಬರುತ್ತದೆ. ಕಂತು ಕಟ್ಟಲು ಕಡಲೆ, ಈರುಳ್ಳಿ ಮಾರಿದ ದುಡ್ಡೇ ಹೋಗುತ್ತದೆ. ಆ ಬೆಳೆಯಲ್ಲಿ ನಮ್ಮ ಬೆವರೂ ಇದೆ. ಆದರೆ ಆಯಿಲ್ ಮಾತು ಬಂದರೆ "ಅದು ಗಂಡಸರ ಕೆಲಸ" ಅನ್ನುವವರಿದ್ದಾರೆ. ತಪ್ಪು ಆಯಿಲಿನಿಂದ ಇಂಜಿನ್ ಕೆಟ್ಟರೆ ನಷ್ಟ ಮನೆಮಂದಿಗೆಲ್ಲ. ಆದ್ದರಿಂದ ನಾವೂ ತಿಳಿಯೋಣ.

ಎಣ್ಣೆ ಯಾಕೆ ಬೇಕು?

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತೇವೆ. ಹಚ್ಚದಿದ್ದರೆ ಗಾಲಿ ಕಿರುಗುಡುತ್ತದೆ, ಅಚ್ಚು ಸವೆಯುತ್ತದೆ. ಹೊಲಿಗೆ ಯಂತ್ರಕ್ಕೂ ಎರಡು ಹನಿ ಬಿಡುತ್ತೇವೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಬಾರದು. ನಡುವೆ ಎಣ್ಣೆಯ ತೆಳುವಾದ ಪದರ ಇರಬೇಕು.

ಟ್ರ್ಯಾಕ್ಟರ್ ಇಂಜಿನ್ ಕೆಲಸದ ಹೊತ್ತಿನಲ್ಲಿ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ. ಅಲ್ಲಿ ಆಯಿಲ್ ಮೂರು ಕೆಲಸ ಮಾಡುತ್ತದೆ. ತಿಕ್ಕಾಟ ತಪ್ಪಿಸುತ್ತದೆ. ಬಿಸಿಯನ್ನು ಹೊತ್ತೊಯ್ಯುತ್ತದೆ. ಮಸಿಯನ್ನು ತನ್ನೊಳಗೆ ಹಿಡಿದಿಡುತ್ತದೆ. ಅದಕ್ಕೇ ಡೀಸೆಲ್ ಇಂಜಿನ್ನಿನ ಆಯಿಲ್ ಬೇಗ ಕರ್ರಗಾಗುತ್ತದೆ. ಕರ್ರಗಾದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಆದರೆ ಭಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಸಿದರೆ ಏನಾಗುತ್ತದೆ? ಅದರ ಗುಣ ಹೋಗುತ್ತದೆ. ಆಯಿಲಿಗೂ ಹಾಗೇ ಒಂದು ಅವಧಿ ಇದೆ.

ಔಡಲದಿಂದ ಸಿಂಥೆಟಿಕ್‌ವರೆಗೆ

ಹೊಲದ ಬದುವಿನ ಔಡಲ ನಮಗೆ ಗೊತ್ತು. ಅದರ ಎಣ್ಣೆ 1914-18ರ ಮಹಾಯುದ್ಧದಲ್ಲಿ ವಿಮಾನಗಳ ಇಂಜಿನ್ನಿಗೂ ಬಳಕೆಯಾಗಿತ್ತು. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ. ಕ್ಯಾಸ್ಟ್ರಾಲ್ ಎಂಬ ಆಯಿಲಿನ ಹೆಸರು ಅದರಿಂದಲೇ ಬಂತು.

ಈಗ ಹೆಚ್ಚಿನ ಆಯಿಲ್ ಭೂಮಿಯೊಳಗಿನ ಕಚ್ಚಾ ತೈಲದಿಂದ ಬರುತ್ತದೆ. ಅದನ್ನು ಶುದ್ಧ ಮಾಡಿ ತೆಗೆದದ್ದು ಮಿನರಲ್ ಆಯಿಲ್. ಇದೇ ಸಾದಾ ಆಯಿಲ್. ಸಿಂಥೆಟಿಕ್ ಆಯಿಲನ್ನು ಕಾರ್ಖಾನೆಯಲ್ಲಿ ರಸಾಯನ ವಿಧಾನದಿಂದ ಸಿದ್ಧಪಡಿಸುತ್ತಾರೆ.

ಎರಡಕ್ಕೂ ಏನು ಫರಕು? ರಾಶಿಯಾದ ಜೋಳ ನೆನೆಯಿರಿ. ಅದರಲ್ಲಿ ದಪ್ಪ ಕಾಳು, ಸಣ್ಣ ಕಾಳು, ಜಳ್ಳು ಎಲ್ಲ ಇರುತ್ತವೆ. ಹಸನು ಮಾಡಿ ಆರಿಸಿದ ಜೋಳದಲ್ಲಿ ಎಲ್ಲ ಕಾಳು ಒಂದೇ ಸಮ. ಆಯಿಲಿನಲ್ಲೂ ಕಣ್ಣಿಗೆ ಕಾಣದ ಕಣಗಳಿವೆ. ಸಾದಾ ಆಯಿಲಿನಲ್ಲಿ ಅವು ಹೆಚ್ಚು ಕಡಿಮೆ. ಸಿಂಥೆಟಿಕ್‌ನಲ್ಲಿ ಬಹುಮಟ್ಟಿಗೆ ಸಮ. ಆದ್ದರಿಂದ ಅದು ಬಿಸಿಗೆ ಬೇಗ ಕೆಡುವುದಿಲ್ಲ. ಚಳಿಯಲ್ಲೂ ಬೇಗ ಹರಿಯುತ್ತದೆ. ಆದರೆ ಬೆಲೆ ಜಾಸ್ತಿ.

ಡಬ್ಬಿಯ ಮೇಲಿನ ಅಂಕಿ ಓದೋಣ

ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದು ಇರುತ್ತದೆ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂದು ಹೇಳುತ್ತದೆ. ಎರಡನೆಯ ಅಂಕಿ ಇಂಜಿನ್ ಕಾದಾಗ ಆಯಿಲ್ ಎಷ್ಟು ಮಂದ ಇರುತ್ತದೆ ಎಂದು ಹೇಳುತ್ತದೆ. ಅಂಕಿ ದೊಡ್ಡದಾದರೆ ಆಯಿಲ್ ಮಂದ. ದೊಡ್ಡ ಅಂಕಿ ಎಂದರೆ ಒಳ್ಳೆಯ ಆಯಿಲ್ ಎಂದಲ್ಲ. ನಮ್ಮ ಯಂತ್ರದ ಪುಸ್ತಕದಲ್ಲಿ ಇದ್ದ ಅಂಕಿಯೇ ನಮಗೆ ಸರಿ.

ಗೇರ್ ಬಾಕ್ಸಿನ ಆಯಿಲ್ ಬೇರೆ

ಟ್ರ್ಯಾಕ್ಟರಿನಲ್ಲಿ ಇಂಜಿನ್ನಿಗೆ ಒಂದು ಆಯಿಲ್, ಗೇರ್ ಬಾಕ್ಸಿಗೆ ಇನ್ನೊಂದು. ಬಹಳ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಗೇರ್ ಬಾಕ್ಸಿನ ಆಯಿಲಿನಲ್ಲೇ ಮುಳುಗಿರುತ್ತದೆ. ಅಂಥದಕ್ಕೆ ಆ ಬ್ರೇಕಿಗೆ ಒಗ್ಗುವ ಆಯಿಲೇ ಬೇಕು. ಬೇರೆ ಹಾಕಿದರೆ ಬ್ರೇಕು ಸರಿಯಾಗಿ ಹಿಡಿಯದೆ ಇರಬಹುದು. ಅದು ಜೀವದ ಮಾತು.

ಗೇರ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕಾರಿನ ಸಿಂಥೆಟಿಕ್ ಆಯಿಲ್ ಎಷ್ಟೇ ತುಟ್ಟಿ ಇರಲಿ, ಬೈಕಿಗೆ ಹಾಕಿದರೆ ಕ್ಲಚ್ಚು ಜಾರಬಹುದು. ಬೈಕಿನ ಡಬ್ಬಿಯ ಮೇಲೆ ಜಾಸೊ ಎಂ.ಎ. ಎಂಬ ಗುರುತು ನೋಡಬೇಕು.

ದುಡ್ಡಿನ ಲೆಕ್ಕ

ಸಾದಾ ಆಯಿಲಿಗೆ ಒಂದು ಸಲಕ್ಕೆ 3000 ರೂಪಾಯಿ, ಸಿಂಥೆಟಿಕ್‌ಗೆ 6000 ರೂಪಾಯಿ ಅಂದುಕೊಳ್ಳೋಣ. ಪುಸ್ತಕದಲ್ಲಿ ಯಾವ ಆಯಿಲ್ ಆದರೂ 250 ಗಂಟೆಗೆ ಬದಲಿಸಿ ಎಂದಿದ್ದರೆ, ಸಿಂಥೆಟಿಕ್‌ಗೆ ಖರ್ಚು ಎರಡು ಪಟ್ಟು. ಸಿಂಥೆಟಿಕ್ ಆದರೆ 500 ಗಂಟೆ ಎಂದಿದ್ದರೆ, ಖರ್ಚು ಸಮ. ಪುಸ್ತಕ ಹೇಳದೆ ನಾವೇ 250ನ್ನು 500ಕ್ಕೆ ಎಳೆಯಬಾರದು. ಗ್ಯಾರಂಟಿ ಅವಧಿಯಲ್ಲಂತೂ ಬೇಡವೇ ಬೇಡ. ಹಳೆಯ ಇಂಜಿನ್ನಿನಲ್ಲಿ ಆಯಿಲ್ ಸೋರುತ್ತಿದ್ದರೆ ಮೊದಲು ಸೋರಿಕೆ ರಿಪೇರಿ ಮಾಡಿಸಬೇಕು. ಇಲ್ಲದಿದ್ದರೆ ತುಟ್ಟಿ ಆಯಿಲ್ ಮಣ್ಣು ಪಾಲು.

ಅಂಗಡಿಯಲ್ಲಿ ಏನು ಹೇಳಬೇಕು?

ಅಂಗಡಿಯವ ಹೀಗೆ ಹೇಳಬಹುದು: "ಅಕ್ಕಾರ, ಇದು ಭಾರಿ ಛಲೋ ಆಯಿಲ್ ಐತ್ರಿ. ಒಮ್ಮೆ ಹಾಕಿದ್ರ ವರ್ಷಗಟ್ಲೆ ನೋಡೂದ ಬ್ಯಾಡ."

ನಾವು ಹೀಗೆ ಕೇಳೋಣ: "ನಮ್ಮ ಪುಸ್ತಕದಾಗ ಹಿಂಗ ಬರದೈತ್ರಿ. ಈ ಡಬ್ಬಿ ಮ್ಯಾಲ ಅದ ಐತೇನು, ತೋರಸ್ರಿ."

ಇಂಗ್ಲಿಷ್ ಬಾರದಿದ್ದರೂ ಚಿಂತೆ ಇಲ್ಲ. ಪುಸ್ತಕದಲ್ಲಿ ಅಕ್ಷರ, ಅಂಕಿ ಹೇಗಿವೆಯೋ ಹಾಗೇ ಚೀಟಿಯಲ್ಲಿ ಬರೆದುಕೊಳ್ಳಿ. ಡಬ್ಬಿಯ ಜೊತೆ ಹೋಲಿಸಿ. ಸೀಲು ಒಡೆದ ಡಬ್ಬಿ ಬೇಡ. ರಸೀದಿ ಕೇಳಿ ತೆಗೆದುಕೊಳ್ಳಿ.

ಹಳೆ ಆಯಿಲ್ ಏನು ಮಾಡಬೇಕು?

ತೆಗೆದ ಆಯಿಲ್ ವಿಷವಿದ್ದಂತೆ. ಅದನ್ನು ಹೊಲಕ್ಕೆ, ಹಳ್ಳಕ್ಕೆ ಚೆಲ್ಲಬಾರದು. ದನಗಳ ಗಾಯಕ್ಕೆ ಹಚ್ಚಬಾರದು. ಒಲೆ ಹೊತ್ತಿಸಲು ಬಳಸಬಾರದು. ಕೈಗೆ ತಾಗಿದರೆ ಸಾಬೂನು ಹಚ್ಚಿ ತೊಳೆಯಬೇಕು. 2016ರ ಕೇಂದ್ರ ಸರಕಾರದ ನಿಯಮದಂತೆ ಹಳೆ ಆಯಿಲ್ ಅಪಾಯಕಾರಿ ತ್ಯಾಜ್ಯ. ಮುಚ್ಚಳ ಇರುವ ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಬೇಕು.

ನೆನಪಿಡಿ

1. ಇಂಜಿನ್ ನಿಲ್ಲಿಸಿ, ಸಮ ನೆಲದಲ್ಲಿ ಅಳತೆ ಕಡ್ಡಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು.
2. ಸಾದಾ ಬಿಟ್ಟು ಸಿಂಥೆಟಿಕ್ ಹಾಕುವಾಗ ಹಳೆಯದನ್ನು ಪೂರ್ತಿ ತೆಗೆಸಿ. ಫಿಲ್ಟರನ್ನೂ ಬದಲಿಸಿ.
3. ಆಯಿಲ್ ಹಾಕಿದ ದಿನ, ಟ್ರ್ಯಾಕ್ಟರಿನ ಮೀಟರಿನಲ್ಲಿದ್ದ ಗಂಟೆ, ಕೊಟ್ಟ ದುಡ್ಡು — ಮೂರನ್ನೂ ವಹಿಯಲ್ಲಿ ಬರೆದಿಡಿ.

ಬರೆಯಲು ಕಲಿತ ಕೈ ನಮ್ಮದು. ಈ ವಹಿ ಬರೆಯುವ ಕೆಲಸ ನಾವೇ ವಹಿಸಿಕೊಳ್ಳೋಣ.