ಮೇಲೆ ಕೆಂಡ, ಕೆಳಗೆ ಕೆಂಡ

ಆಷಾಢ ಕಳೆದು ಶ್ರಾವಣ ಬರುವ ಹೊತ್ತಿಗೆ ಕಾರವಾರ, ಅಂಕೋಲೆಗಳ ಹಿತ್ತಿಲುಗಳಲ್ಲಿ ಸೌತೆಯ ಬಳ್ಳಿ ಚಪ್ಪರವನ್ನೆಲ್ಲ ತುಂಬಿಕೊಂಡಿರುತ್ತದೆ. ಎಳೆಯ ಕಾಯಿಗಳು ಹಸಿಯಾಗಿಯೇ ಊಟಕ್ಕೆ ಸಲ್ಲುತ್ತವೆ. ಎಲೆಗಳ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಮೊಳದುದ್ದ ಬೆಳೆದು ಬಲಿತ ಕಾಯಿಗಳು ಮಾತ್ರ ಬೇರೊಂದು ಪಾಕಕ್ಕೆ ಮೀಸಲು. ಅದೇ ತವಸಳಿ. ಕೊಂಕಣಿಯಲ್ಲಿ ‘ತವಶೆಂ’ ಎಂದರೆ ಸೌತೆಕಾಯಿ. ಹೆಸರು ಅದರಿಂದಲೇ ಬಂದಿದೆ. ಹೊರಗೆ ಮಳೆ ಸುರಿಯುತ್ತಿರುವಾಗ, ಬಿಸಿಯಾದ ತುಂಡಿನ ಮೇಲೆ ತುಪ್ಪ ಹಾಕಿಕೊಂಡು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತಿನ್ನುವ ತಿಂಡಿಯಿದು. ಒಂದು ಪಾಲು ನೆರೆಮನೆಗೂ ಹೋಗತಕ್ಕದ್ದು.

ಇದನ್ನು ಕಡುಬಿನಂತೆ ಹಬೆಯಲ್ಲಿ ಬೇಯಿಸುವವರೂ ಉಂಟು. ಆದರೆ ಹಳೆಯ ಮನೆಗಳ ತವಸಳಿ ಒಣಶಾಖದಲ್ಲಿ ಬೆಂದುದು. ಕೇಕಿನ ಜಾತಿಗೆ ಸೇರಿದುದು. ಕಾರವಾರದ ಉತ್ತರಕ್ಕೆ ಮಾಜಾಳಿಯ ಗಡಿ ದಾಟಿದರೆ ಗೋವೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಂದ ಅಲ್ಲಿ ಉಬ್ಬಿದ ಗೋಧಿರೊಟ್ಟಿಯ ಬಳಕೆ ಬೆಳೆಯಿತು. ಹಿಟ್ಟು ಹುದುಗಲು ಕಳ್ಳನ್ನು ಬೆರೆಸಿ, ದೊಡ್ಡ ಭಟ್ಟಿಯಲ್ಲಿ ಅದನ್ನು ಸುಡುತ್ತಿದ್ದರು. ತವಸಳಿಗೆ ಭಟ್ಟಿಯಿಲ್ಲ, ಕಳ್ಳಿಲ್ಲ, ಗೋಧಿಯೂ ಬೇಕಿಲ್ಲ. ದಪ್ಪ ತಳದ ಒಂದು ಪಾತ್ರೆ, ಒಂದು ಚಪ್ಪಟೆ ಮುಚ್ಚಳ, ನಾಲ್ಕು ಹಿಡಿ ಕೆಂಡ, ಇಷ್ಟೇ ಸಾಮಗ್ರಿ. ಇಷ್ಟರಿಂದಲೇ ಒಳಗೆ ಮೃದುವಾಗಿಯೂ ಮೇಲೆ ಕಂದುಬಣ್ಣದ ಹೊರಪದರದಿಂದಲೂ ಕೂಡಿದ ತಿಂಡಿ ಸಿದ್ಧವಾಗುವುದು ಹೇಗೆ?

ಮೊದಲು ಹದವನ್ನು ನೋಡೋಣ. ತುರಿದ ಸೌತೆ ಎರಡು ಲೋಟ, ಅಕ್ಕಿಯ ತರಿ ಒಂದು ಲೋಟ, ಬೆಲ್ಲ ಮುಕ್ಕಾಲು ಲೋಟ, ಕಾಯಿತುರಿ ಅರ್ಧ ಲೋಟ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಪುಡಿ. ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು ಉಳಿದವುಗಳೊಡನೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ನೀರನ್ನು ಹಾಕುವಂತಿಲ್ಲ. ಸೌತೆಯ ತೂಕದಲ್ಲಿ ಶೇಕಡಾ 95ರಷ್ಟು ನೀರೇ ಇದೆ. ಬೆಲ್ಲ, ಉಪ್ಪುಗಳು ಸೋಂಕಿದೊಡನೆ ಆ ನೀರು ಜೀವಕೋಶಗಳ ಪೊರೆಯನ್ನು ದಾಟಿ ಹೊರಗೆ ಬರುತ್ತದೆ. ತರಿ ಅದನ್ನು ಹೀರಿಕೊಳ್ಳುತ್ತದೆ. ಗಟ್ಟಿಯಾಗಿ ಕಂಡ ಮಿಶ್ರಣ ಅರ್ಧ ಗಂಟೆಯ ಬಳಿಕ ಸಡಿಲವಾಗುವುದನ್ನು ನೋಡಿಯೇ ತಿಳಿಯಬೇಕು. ಅವಸರದಲ್ಲಿ ನೀರು ಸುರಿದವರ ತವಸಳಿ ಅಂಬಲಿಯಾಗುವುದು ಇದರಿಂದಲೇ.

ತುರಿಯುವ ಮೊದಲು ಕಾಯಿಯ ತುದಿಯನ್ನು ಕತ್ತರಿಸಿ ನಾಲಗೆಗೆ ಮುಟ್ಟಿಸಿ ನೋಡುವ ವಾಡಿಕೆಯನ್ನು ಯಾರೂ ಬಿಡಬಾರದು. ಸೌತೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತುಗಳು. ಹೆಚ್ಚಾದರೆ ಅವು ವಿಷವೇ ಸರಿ, ವಾಂತಿ, ಭೇದಿಗಳನ್ನುಂಟುಮಾಡುತ್ತವೆ. ಅಡಿಗೆಯ ಶಾಖದಿಂದ ಅವು ನಾಶವಾಗುವುದಿಲ್ಲ. ಕಹಿಯನ್ನು ಬೆಲ್ಲದಿಂದ ಮುಚ್ಚಬಹುದೆಂದು ಎಣಿಸದೆ ಅಂಥ ಕಾಯಿಯನ್ನು ಎಸೆದುಬಿಡುವುದೇ ಲೇಸು.

ಇನ್ನು ಕೆಂಡದ ವಿಷಯ. ಪಾತ್ರೆಯನ್ನು ಒಲೆಯ ಮೇಲಿಟ್ಟು ಬರಿಯ ಮುಚ್ಚಳ ಹಾಕಿದೆವೆನ್ನಿ. ತಳದ ಲೋಹ ಬಲು ಬೇಗ ಕಾಯುತ್ತದೆ. ಆದರೆ ಹಿಟ್ಟು ಶಾಖವನ್ನು ಚೆನ್ನಾಗಿ ಸಾಗಿಸದು. ಮೇಲಿನ ಭಾಗ ಬೇಯುವುದರೊಳಗೆ ತಳ ಸೀದಿರುತ್ತದೆ. ಮೇಲೆ ಎದ್ದ ಹಬೆ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಹಿಟ್ಟಿನ ಮೇಲೆಯೇ ತೊಟ್ಟಿಕ್ಕುತ್ತದೆ. ಒದ್ದೆಯಿರುವಷ್ಟು ಕಾಲವೂ ಮೇಲ್ಮೈಯ ಉಷ್ಣಮಾನ 100 ಡಿಗ್ರಿ ಸೆಂಟಿಗ್ರೇಡನ್ನು ಮೀರುವಂತಿಲ್ಲ. ಆದುದರಿಂದ ಅದು ಕಂದಾಗುವುದೂ ಇಲ್ಲ.

ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡವನ್ನು ಹರಡಿದರೆ ಚಿತ್ರ ಬದಲಾಗುತ್ತದೆ. ಬಿಸಿಗಾಳಿ ಮೇಲಕ್ಕೇರುವುದೇ ಹೊರತು ಕೆಳಕ್ಕಿಳಿಯದು. ಆದುದರಿಂದ ಮೇಲಿನ ಕೆಂಡ ತನ್ನ ಶಾಖವನ್ನು ಸಂವಹನದಿಂದ ಕಳುಹಿಸಲಾರದು. ಅದು ಲೋಹದ ಮೂಲಕ ವಹನದಿಂದ ಮುಚ್ಚಳವನ್ನು ಕಾಯಿಸುತ್ತದೆ. ಕಾದ ಮುಚ್ಚಳ ವಿಕಿರಣದಿಂದ ಹಿಟ್ಟಿಗೆ ಶಾಖವನ್ನು ಸುರಿಸುತ್ತದೆ. ಇಲ್ಲಿ ಸ್ಟೀಫಾನನು 1879ರಲ್ಲಿ ಕಂಡುಕೊಂಡ ನಿಯಮವನ್ನು ನೆನೆಯಬೇಕು. ಕಾದ ವಸ್ತು ಹೊರಸೂಸುವ ಶಾಖ ಅದರ ನಿರಪೇಕ್ಷ ಉಷ್ಣಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಮುಚ್ಚಳ 100 ಡಿಗ್ರಿಯಿಂದ 300 ಡಿಗ್ರಿಗೆ ಏರಿತೆನ್ನೋಣ. ನಿರಪೇಕ್ಷ ಮಾನದಲ್ಲಿ ಇದು 373ರಿಂದ 573ಕ್ಕೆ ಏರಿದಂತೆ. ಲೆಕ್ಕ ಹಾಕಿದರೆ ಮುಚ್ಚಳ ಸೂಸುವ ಶಾಖ ಸುಮಾರು ಐದೂವರೆ ಪಟ್ಟಾಗುತ್ತದೆ! ಹಬೆ ಈಗ ಮುಚ್ಚಳದ ಮೇಲೆ ನೀರಾಗದು; ಸಂದಿನಿಂದ ಹೊರಗೆ ಹೋಗುತ್ತದೆ. ಕೆಂಡ ಮೇಲೆ ಹೆಚ್ಚು, ಕೆಳಗೆ ಕಡಮೆ ಇರಬೇಕೆಂಬ ಅನುಭವಿಗಳ ಮಾತಿನ ಅರ್ಥವೂ ಇದೇ. ಕೆಂಡದ ಮೇಲೆ ತೆಳುವಾಗಿ ಬೂದಿ ಹರಡುವುದೂ ಜಾಣತನವೇ. ಗಾಳಿ ಮಿತವಾಗಿ ತಾಗುವುದರಿಂದ ಕೆಂಡ ಒಮ್ಮೆಲೆ ಉರಿದುಹೋಗದೆ ಬಹಳ ಹೊತ್ತು ಒಂದೇ ಸಮನೆ ಶಾಖ ಕೊಡುತ್ತದೆ. ಗೋವೆಯ ಬೆಬಿಂಕದ ಪದರಗಳನ್ನು ಒಂದೊಂದಾಗಿ ಬೇಯಿಸುವುದೂ ಹೀಗೆ ಮೇಲಿನ ಕೆಂಡದಿಂದಲೇ.

ಒಳಗೆ ನಡೆಯುವ ಕೆಲಸ ಬೇರೆ. ಅಕ್ಕಿಯ ಪಿಷ್ಟದ ಕಣಗಳು ತಳಿಯನ್ನನುಸರಿಸಿ ಸುಮಾರು 60ರಿಂದ 80 ಡಿಗ್ರಿಗಳೊಳಗೆ ನೀರು ಕುಡಿದು ಉಬ್ಬಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಿಹಿ ಹೆಚ್ಚಿದಷ್ಟೂ ಇದಕ್ಕೆ ಬೇಕಾದ ಉಷ್ಣಮಾನವೂ ಹೆಚ್ಚುತ್ತದೆ. ಸಿಹಿತಿಂಡಿ ನಿಧಾನವಾಗಿ ಬೇಯುವುದಕ್ಕೆ ಇದೊಂದು ಕಾರಣ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಸಸಾರಜನಕದ ಬಲೆ ಅಕ್ಕಿಯಲ್ಲಿಲ್ಲ. ಅನಿಲವನ್ನು ಹಿಡಿದಿಡುವ ಚೀಲವೇ ಇಲ್ಲದುದರಿಂದ ತವಸಳಿ ಪಾವಿನಂತೆ ಉಬ್ಬದು. ಸೋಡ ಹಾಕಿ ಉಬ್ಬಿಸಲೆತ್ನಿಸುವವರಿದ್ದಾರೆ. ತೇವವಾಗಿ, ತರಿತರಿಯಾಗಿ ಇರುವುದೇ ಅದರ ಲಕ್ಷಣವೆಂದು ನನ್ನ ಮತ.

ಕಂದುಬಣ್ಣ, ಪರಿಮಳಗಳ ಗುಟ್ಟನ್ನು ಮೊದಲು ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್, 1912ರಲ್ಲಿ. ಗ್ಲೂಕೋಸಿನಂಥ ಸಕ್ಕರೆಗಳು ಅಮೈನೋ ಆಮ್ಲಗಳೊಡನೆ ಸೇರಿ ನೂರಾರು ಹೊಸ ವಸ್ತುಗಳನ್ನು ಹುಟ್ಟಿಸುತ್ತವೆ. ಮೇಲ್ಮೈ ಒಣಗಿ 140 ಡಿಗ್ರಿಯ ಹತ್ತಿರ ಬಂದಾಗ ಈ ಕ್ರಿಯೆ ಚುರುಕಾಗುತ್ತದೆ. ಸಾಮಾನ್ಯ ಸಕ್ಕರೆ ಇದರಲ್ಲಿ ನೇರವಾಗಿ ಭಾಗವಹಿಸಲಾರದು. ಅದು ಮೊದಲು ಗ್ಲೂಕೋಸು, ಫ್ರಕ್ಟೋಸುಗಳಾಗಿ ಒಡೆಯಬೇಕು. ಉತ್ತರ ಕನ್ನಡದ ಆಲೆಮನೆಗಳ ಜೋನಿಬೆಲ್ಲದಲ್ಲಿ ಹೀಗೆ ಒಡೆದ ಸಕ್ಕರೆ ಸಾಕಷ್ಟಿರುತ್ತದೆ. ಅದು ಬೇಗ ಬಣ್ಣ ಕೊಡುವುದಲ್ಲದೆ ತೇವವನ್ನೂ ಹಿಡಿದಿಡುತ್ತದೆ. ಆದರೆ ಜೋನಿಯಲ್ಲಿ ನೀರಿನಂಶವೂ ಇರುವುದರಿಂದ ತರಿಯನ್ನು ತುಸು ಹೆಚ್ಚಿಸಬೇಕು.

ಪಾತ್ರೆಯ ತಳಕ್ಕೆ ಹಾಸುವ ಅರಿಸಿನದ ಎಲೆ ಬರಿಯ ಅಲಂಕಾರವಲ್ಲ. ಎಲೆಯಲ್ಲಿ ನೀರಿರುವ ತನಕ ತಳ ಸೀಯದು. ಬಿಸಿ ತಾಗಿದಾಗ ಅದರಲ್ಲಿರುವ ಫೆಲಾಂಡ್ರೀನ್ ಮೊದಲಾದ ಸುಗಂಧತೈಲಗಳು ಆವಿಯಾಗಿ ಹಿಟ್ಟಿನೊಳಕ್ಕೆ ಸೇರುತ್ತವೆ.

ಇಂದು ವಿದ್ಯುತ್ ಓವನ್ ಇರುವವರು 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಸಾಕು. ಕೆಂಡದಲ್ಲೇ ಮಾಡುವವರಿಗೆ ಒಂದು ಎಚ್ಚರಿಕೆ: ಮಳೆಯ ಎರಚಲಿಗೆ ಹೆದರಿ ಕಿಟಕಿ ಬಾಗಿಲುಗಳನ್ನು ಮುಚ್ಚಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆದೀತು. ಗಾಳಿಯಾಡುವ ಹಿಂಬದಿಯ ಜಗಲಿ ಇದಕ್ಕೆ ತಕ್ಕ ಸ್ಥಳ.

ಹಸಿ ತೆಂಗಿನಕಾಯಿ ಇರುವುದರಿಂದ ತವಸಳಿ ಮಳೆಗಾಲದಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಬಾಳದು. ತಂಪುಪೆಟ್ಟಿಗೆಯಲ್ಲಿಟ್ಟರೆ ಕೆಡುವುದಿಲ್ಲ ನಿಜ, ಆದರೆ ಕಲ್ಲಾಗುತ್ತದೆ. ಉಬ್ಬಿದ್ದ ಪಿಷ್ಟದ ಅಣುಗಳು ತಣ್ಣಗಾದಾಗ ಮತ್ತೆ ಸಾಲುಗೂಡಿ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಈ ಸಾಲುಗಳು ಸುಮಾರು 60 ಡಿಗ್ರಿ ಶಾಖಕ್ಕೆ ಬಹುಮಟ್ಟಿಗೆ ಸಡಿಲುತ್ತವೆ. ನೆರೆಮನೆಯ ಪಾಲನ್ನು ಮರುದಿನ ಕಳುಹಿಸುವುದಾದರೆ ಹತ್ತು ನಿಮಿಷ ಹಬೆಯಲ್ಲಿಟ್ಟು, ಬಿಸಿಯಿರುವಾಗಲೇ ಬಾಳೆಯೆಲೆಯಲ್ಲಿ ಕಟ್ಟಿ ಕೊಡಬೇಕು.