ಕಾರಿನ ಹಳದಿ ದೀಪ ಮತ್ತು ಮನೆಮಂದಿಯ ಉಸಿರು



ನಮ್ಮ ಆರೋಗ್ಯ ಮಾಲಿಕೆಯಲ್ಲಿ ಸಕ್ಕರೆ, ಬಿಪಿ, ಮಂಡಿನೋವು ಎಂದೆಲ್ಲ ಓದುತ್ತಿರುತ್ತೀರಿ. ಇವತ್ತು ಗ್ಯಾರೇಜಿನ ವಿಷಯ. ಗ್ಯಾರೇಜಿಗೂ ಆರೋಗ್ಯಕ್ಕೂ ಏನು ಸಂಬಂಧ ಎನ್ನಬೇಡಿ. ಡೀಸೆಲ್ ಕಾರು ಇರುವವರು, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಳ್ಳಲು ಹೊರಟವರು, ಮನೆಯಲ್ಲಿ ಆಸ್ತಮಾ ಇರುವ ಮಗುವೋ ವಯಸ್ಸಾದ ಅಪ್ಪ-ಅಮ್ಮನೋ ಇರುವವರು ದಯವಿಟ್ಟು ಪೂರ್ತಿ ಓದಿ.

ಮುಂಬೈ, ಪುಣೆ, ಹೈದರಾಬಾದ್, ದೆಹಲಿ, ಎಲ್ಲಿ ಹೋದರೂ ಕೇಳಿಬರುವ ಸಲಹೆ ಒಂದಿದೆ. ಕಾರು ಎಳೆಯುತ್ತಿಲ್ಲ ಎಂದು ಗ್ಯಾರೇಜಿಗೆ ಬಿಟ್ಟರೆ, "ಸರ್, ಇಜಿಆರ್ ಬಂದ್ ಮಾಡಿಬಿಡೋಣ. ಪಿಕಪ್ಪೂ ಬರುತ್ತೆ, ಆವರೇಜೂ ಬರುತ್ತೆ, ಖರ್ಚೂ ಕಡಿಮೆ" ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಒಪ್ಪುವ ಮೊದಲು ಆ ಭಾಗ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ.

*ಇಜಿಆರ್ ಎಂದರೇನು?*

ಎಂಜಿನ್ ಹೊರಬಿಡುವ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿನೊಳಕ್ಕೆ ಕಳಿಸುವ ವ್ಯವಸ್ಥೆಯೇ ಇಜಿಆರ್. ಇದಕ್ಕೆಂದೇ ಒಂದು ವಾಲ್ವ್ ಇರುತ್ತದೆ. ಹೊಗೆಯನ್ನು ವಾಪಸ್ ಕಳಿಸುವುದೇಕೆ? ಡೀಸೆಲ್ ಎಂಜಿನ್ನಿನೊಳಗೆ ಬಿಸಿ ತೀರಾ ಹೆಚ್ಚಾದಾಗ ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕ ಕೂಡಿ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲಗಳಾಗುತ್ತವೆ. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದು ಬೆರೆತಾಗ ಉರಿಯ ಬಿಸಿ ತಗ್ಗುತ್ತದೆ, ವಿಷಾನಿಲವೂ ತಗ್ಗುತ್ತದೆ. ಇಷ್ಟೇ ಅದರ ಕೆಲಸ. ಮೈಲೇಜಿಗಾಗಿ ಇಟ್ಟ ಭಾಗವಲ್ಲ ಅದು, ನಮ್ಮ ಶ್ವಾಸಕೋಶಕ್ಕಾಗಿ ಇಟ್ಟದ್ದು.

ತೊಂದರೆ ಏನೆಂದರೆ ಈ ವಾಲ್ವಿಗೆ ಮಸಿ ಕಟ್ಟುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ, ದಿನಕ್ಕೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಇದು ಬೇಗ. ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನ್ ನಡುಗುತ್ತದೆ, ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಆಗ ಗ್ಯಾರೇಜಿನವರು ದಾರಿಗೆ ಅಡ್ಡಲಾಗಿ ಒಂದು ತಗಡು ಕೂರಿಸುತ್ತಾರೆ, ಇಲ್ಲವೇ ವಾಲ್ವಿನ ವೈರ್ ಕಳಚುತ್ತಾರೆ. ಕಾರು ಚುರುಕಾದಂತೆ ಅನಿಸುವುದು ನಿಜ. ಆದರೆ ಕೆಟ್ಟ ವಾಲ್ವನ್ನು ಸ್ವಚ್ಛ ಮಾಡಿಸಿದರೂ ಅದೇ ಚುರುಕು ಬರುತ್ತಿತ್ತು!

*ದೀಪ ಏಕೆ ಹತ್ತುತ್ತದೆ?*

ಕಾರಿನ ಕಂಪ್ಯೂಟರ್ ವಾಲ್ವ್ ತೆರೆಯಲು ಹೇಳುತ್ತದೆ. ಹೊಗೆ ಬರುವುದಿಲ್ಲ. ಗಾಳಿ ಅಳೆಯುವ ಸೆನ್ಸರ್ ಲೆಕ್ಕಕ್ಕಿಂತ ಹೆಚ್ಚು ಗಾಳಿ ತೋರಿಸುತ್ತದೆ. ಲೆಕ್ಕ ತಾಳೆಯಾಗದೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಸಾಮಾನ್ಯವಾಗಿ ಪಿ0401 ಎಂಬ ಕೋಡ್ ಬರುತ್ತದೆ, ಅಂದರೆ "ಇಜಿಆರ್ ಹರಿವು ಸಾಲದು" ಎಂದು. ವೈರ್ ಕಳಚಿದ್ದರೆ ಪಿ0403. ಕೆಲವು ಕಾರುಗಳಲ್ಲಿ ಎಂಜಿನ್ ತಾನಾಗಿ ಶಕ್ತಿ ತಗ್ಗಿಸಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಹಬ್ಬಕ್ಕೆ ಊರಿಗೆ ಹೊರಟಾಗ ಖಂಬಾಟ್ಕಿ ಘಾಟ್ ಹತ್ತುವ ಹೊತ್ತಿಗೆ ಹೀಗಾದರೆ, ಹಿಂದೆ ಲಾರಿಗಳ ಸಾಲು, ಒಳಗೆ ಮಕ್ಕಳು. ಯೋಚಿಸಿ.

ಇನ್ನೂ ಕೆಲವರು ಸಾಫ್ಟ್‌ವೇರ್ ಬದಲಿಸಿ ದೀಪವನ್ನೇ ಹತ್ತದಂತೆ ಮಾಡಿಕೊಡುತ್ತಾರೆ. ಜ್ವರ ಬಂದಾಗ ಥರ್ಮಾಮೀಟರ್ ಎಸೆದಂತೆ ಇದು. ದೀಪ ಸದಾ ಉರಿಯುತ್ತಿದ್ದರೂ ಅಷ್ಟೇ: ನಾಳೆ ನಿಜವಾದ ಬೇರೆ ದೋಷ ಬಂದರೆ ಗೊತ್ತಾಗುವುದೇ ಇಲ್ಲ.

*ಹೊಗೆ ಕಾಣುತ್ತಿಲ್ಲವಲ್ಲ?*

ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಇಜಿಆರ್ ಮುಚ್ಚಿದರೆ ಕಣ್ಣಿಗೆ ಕಾಣುವ ಕಪ್ಪು ಹೊಗೆ ಕಡಿಮೆಯಾಗಬಹುದು, ಕಾಣದ ನೈಟ್ರೋಜನ್ ಆಕ್ಸೈಡ್ ಹೆಚ್ಚಾಗುತ್ತದೆ. ಪಿಯುಸಿ ಪರೀಕ್ಷೆಯಲ್ಲಿ ಡೀಸೆಲ್ ಕಾರಿಗೆ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ, ಈ ಅನಿಲವನ್ನಲ್ಲ. ಹಾಗಾಗಿ ಪಿಯುಸಿ ಪಾಸಾಯಿತು ಎಂದರೆ ಎಲ್ಲ ಸರಿಯಿದೆ ಎಂದಲ್ಲ.

ಇದು ಸಣ್ಣ ವಿಷಯವೂ ಅಲ್ಲ. ಬಿಎಸ್-4 ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡ್ ಮಿತಿ ಇತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ ಅದನ್ನು 0.08ಕ್ಕೆ ಇಳಿಸಿದರು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನೆದುರು ತಲೆ ತಗ್ಗಿಸಿದ್ದು ಇದೇ ಅನಿಲದ ವಿಷಯದಲ್ಲಿ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ನಿಯಂತ್ರಣ ಪೂರ್ತಿ ಕೆಲಸ ಮಾಡುವಂಥ ಸಾಫ್ಟ್‌ವೇರ್ ಸುಮಾರು 1.1 ಕೋಟಿ ವಾಹನಗಳಲ್ಲಿತ್ತು. ಅಮೆರಿಕದಲ್ಲಿ ಕೆಲವು ಕಾರುಗಳು ರಸ್ತೆಯ ಮೇಲೆ ಮಿತಿಯ 40 ಪಟ್ಟುವರೆಗೂ ಈ ಅನಿಲ ಬಿಡುತ್ತಿದ್ದವು.

*ದೇಹಕ್ಕೆ ಏನಾಗುತ್ತದೆ?*

ಈ ಗುಂಪಿನಲ್ಲಿ ಮುಖ್ಯವಾದದ್ದು ನೈಟ್ರೋಜನ್ ಡೈಆಕ್ಸೈಡ್. ಅದು ನೀರಿನಲ್ಲಿ ಸುಲಭವಾಗಿ ಕರಗದು. ಹಾಗಾಗಿ ಮೂಗು-ಗಂಟಲಲ್ಲೇ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಉಸಿರುನಾಳ ಕೆರಳುತ್ತದೆ, ಕೆಮ್ಮು, ಉಬ್ಬಸ ಬರುತ್ತದೆ, ಆಸ್ತಮಾ ಇದ್ದವರಿಗೆ ಕೆರಳಿಕೆ ಹೆಚ್ಚುತ್ತದೆ. ಬಿಸಿಲಿನಲ್ಲಿ ಇದೇ ಅನಿಲದಿಂದ ಓಝೋನ್ ಹುಟ್ಟುತ್ತದೆ, ಪಿಎಂ 2.5 ಎಂಬ ಸೂಕ್ಷ್ಮ ಕಣಗಳೂ ಆಗುತ್ತವೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಪೆಟ್ಟೂ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಅನಿಲದ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 40 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು. ನಮ್ಮ ದೇಶದ ಮಿತಿ 40. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ.

ನಿಮ್ಮ ಒಂದು ಕಾರಿನಿಂದ ಊರೇ ಕೆಡುವುದಿಲ್ಲ, ಸರಿ. ಆದರೆ ಆ ಕಾರು ಸ್ಟಾರ್ಟ್ ಆಗುವುದು ನಿಮ್ಮದೇ ಸೊಸೈಟಿಯ ಬೇಸ್‌ಮೆಂಟಿನಲ್ಲಿ, ನಿಲ್ಲುವುದು ನಿಮ್ಮದೇ ಮಗುವಿನ ಶಾಲೆಯ ಗೇಟಿನಲ್ಲಿ.

*ಕಾನೂನು ಏನು ಹೇಳುತ್ತದೆ?*

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಮಾಲಿನ್ಯ ನಿಯಮ ಮೀರಿದರೆ 190ನೇ ಕಲಂ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

*ಹಾಗಾದರೆ ಏನು ಮಾಡಬೇಕು?*

1. ದೀಪ ಹತ್ತಿದರೆ ಮೊದಲು ಸ್ಕ್ಯಾನ್ ಮಾಡಿಸಿ, ಕೋಡ್ ಬರೆದುಕೊಳ್ಳಿ. ಕೋಡ್ ಅಳಿಸಿ ಕಳಿಸಿದರೆ ರಿಪೇರಿ ಆದಂತಲ್ಲ.

2. ವಾಲ್ವ್ ಬಿಚ್ಚಿ ಸ್ವಚ್ಛ ಮಾಡಲು ಹೇಳಿ. ಅನೇಕ ಸಲ ಇಷ್ಟರಲ್ಲೇ ಮುಗಿಯುತ್ತದೆ. ಸರಿಹೋಗದಿದ್ದರೆ ಮಾತ್ರ ಹೊಸದು. ಹಳೆಯ ಭಾಗ ಕೇಳಿ ಪಡೆಯಿರಿ.

3. ಮಸಿ ಏಕೆ ಕಟ್ಟಿತು ಎಂದೂ ಕೇಳಿ. ಏರ್ ಫಿಲ್ಟರ್, ಇಂಜೆಕ್ಟರ್, ಟರ್ಬೋ ಪೈಪಿನ ಸೋರಿಕೆ ನೋಡಿಸಿ. ಕಂಪನಿ ಹೇಳಿದ ದರ್ಜೆಯ ಎಂಜಿನ್ ಆಯಿಲ್ ಹಾಕಿಸಿ.

4. ಊರೊಳಗೇ ಓಡುವ ಕಾರನ್ನು ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ.

5. ಹಳೆಯ ಕಾರು ಕೊಳ್ಳುವಾಗ ಕೀ ತಿರುಗಿಸಿ ನೋಡಿ. ಎಂಜಿನ್ ಚಿತ್ರದ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ಅನುಮಾನಪಡಿ.

6. ಈಗಾಗಲೇ ಬಂದ್ ಮಾಡಿಸಿದ್ದರೆ ತಗಡು ತೆಗೆಸಿ, ವಾಲ್ವ್ ಸರಿಪಡಿಸಿ, ಸಾಫ್ಟ್‌ವೇರ್ ಮೂಲಕ್ಕೆ ತರಿಸಿ.

7. ಬೇಸ್‌ಮೆಂಟಿನಲ್ಲಿ ಎಂಜಿನ್ ಚಾಲೂ ಇಟ್ಟು ಎಸಿ ತಂಪಾಗಲಿ ಎಂದು ಕಾಯಬೇಡಿ. ಟ್ರಾಫಿಕ್ ಜಾಮಿನಲ್ಲಿ ಎಸಿಯನ್ನು ಒಳಗಿನ ಗಾಳಿಗೆ ಹಾಕಿ, ಜಾಮ್ ಬಿಟ್ಟ ಮೇಲೆ ಹೊರಗಿನ ಗಾಳಿ ಬಿಡಿ.

8. ಕಾರಿನಲ್ಲಿ ಕೂತಾಗ, ಪಾರ್ಕಿಂಗಿಗೆ ಇಳಿದಾಗ ಮಗುವಿಗೆ ಕೆಮ್ಮೋ ಉಬ್ಬಸವೋ ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ. ಅವರು ಕೊಟ್ಟ ಇನ್ಹೇಲರ್ ಅನ್ನು ನಾವೇ ನಿಲ್ಲಿಸುವುದು ಬೇಡ.

ಬಂಧುಗಳೇ, ಗ್ಯಾರೇಜಿನಲ್ಲಿ ಉಳಿಸಿದ ದುಡ್ಡು ದವಾಖಾನೆಗೆ ಹೋಗದಿರಲಿ. ಈ ಸಲ ಕಾರು ಸರ್ವಿಸಿಗೆ ಬಿಡುವಾಗ "ಇಜಿಆರ್ ಕ್ಲೀನ್ ಮಾಡಿ, ಬಂದ್ ಮಾಡಬೇಡಿ" ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಡೀಸೆಲ್ ಕಾರು ಇರುವ ನಿಮ್ಮ ನೆಂಟರಿಗೆ, ಸೊಸೈಟಿ ಗುಂಪಿಗೆ, ಕನ್ನಡ ಸಂಘದ ಗೆಳೆಯರಿಗೆ ಇದನ್ನು ಕಳಿಸಿ.

ಎಲ್ಲರೂ ಆರೋಗ್ಯವಾಗಿರೋಣ.